ಇಂಗ್ಲಿಷಿನಲ್ಲಿ ಪದ ಕೂತ ಜಾಗವೇ ಪ್ರತ್ಯಯ

ಕೆಲಸಕ್ಕೆ ಸೇರಿದ ಹೊಸತು. ಆಫೀಸಿನ ಮೀಟಿಂಗ್ ರೂಮಿನ ಪ್ರೊಜೆಕ್ಟರ್ ಕೆಟ್ಟು ಕೂತಿತ್ತು. ಅದನ್ನು ಬ್ಯಾಗಿಗೆ ತುಂಬಿಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಮೆಟ್ಟಿಲ ಕೆಳಗಿನ ಒಂದು ಪುಟ್ಟ ಅಂಗಡಿಯಲ್ಲಿ ಕೊಟ್ಟು, ಎರಡು ದಿನ ಬಿಟ್ಟು ವಾಪಸ್ ತಂದೆ. ಬಿಲ್ಲನ್ನೂ ಜೊತೆಗಿಟ್ಟು ಮ್ಯಾನೇಜರಿಗೆ ಒಂದು ಸಾಲಿನ ಮೇಲ್ ಹಾಕಿದೆ: ‘ಐ ಹ್ಯಾಡ್ ರಿಪೇರ್ಡ್ ದ ಪ್ರೊಜೆಕ್ಟರ್.’ ಮಾರನೇ ದಿನ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು. ‘ನಿಂಗೆ ಇದೆಲ್ಲ ಬರುತ್ತೆ ಅಂತ ಗೊತ್ತೇ ಇರ್ಲಿಲ್ಲ ಕಣಯ್ಯಾ. ಹಾಗೇ ಆ ಯುಪಿಎಸ್ಸೂ ಒಂಚೂರು ನೋಡ್ಬಿಡು. ಅದಿರ್ಲಿ, ನೀನೇ ರಿಪೇರಿ ಮಾಡಿದ್ಮೇಲೆ ಬಿಲ್ ಯಾತಕ್ಕೆ?’

ನಾನು ಬರೆಯಬೇಕಿದ್ದದ್ದು ‘ಐ ಹ್ಯಾಡ್ ದ ಪ್ರೊಜೆಕ್ಟರ್ ರಿಪೇರ್ಡ್’ ಅಂತ. ಅವೇ ಐದು ಪದಗಳು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ‘ರಿಪೇರ್ಡ್’ ಮೂರನೇ ಜಾಗದಿಂದ ಎದ್ದು ಐದನೇ ಜಾಗಕ್ಕೆ ಹೋಗಿ ಕೂತಿದೆ, ಅಷ್ಟೇ. ಆದರೆ ಮೊದಲನೆಯದು ‘ರಿಪೇರಿ ಮಾಡಿದ್ದೆ’, ಎರಡನೆಯದು ‘ರಿಪೇರಿ ಮಾಡಿಸಿದೆ’. ಕನ್ನಡದಲ್ಲಿ ಈ ವ್ಯತ್ಯಾಸವನ್ನು ಹೊತ್ತಿರುವುದು ‘ಇಸು’ ಎಂಬ ಪುಟ್ಟ ಬಾಲ: ಮಾಡು, ಮಾಡಿಸು, ಓದು, ಓದಿಸು, ಹೊಲಿ, ಹೊಲಿಸು. ಇಂಗ್ಲಿಷಿನ ಹತ್ತಿರ ಆ ಬಾಲ ಇಲ್ಲ. ಅದು ಪದವನ್ನು ಎಬ್ಬಿಸಿ ಬೇರೆ ಕುರ್ಚಿಯಲ್ಲಿ ಕೂರಿಸುತ್ತದೆ. ಕಟಿಂಗ್ ಶಾಪಿಗೆ ಹೋಗಿ ಬಂದವರು ‘ಐ ಹ್ಯಾಡ್ ಮೈ ಹೇರ್ ಕಟ್’ ಅನ್ನಬೇಕು. ‘ಐ ಹ್ಯಾಡ್ ಕಟ್ ಮೈ ಹೇರ್’ ಅಂದರೆ ಕನ್ನಡಿ ಮುಂದೆ ನಿಂತು ತಾವೇ ಕತ್ತರಿ ಹಿಡಿದಿದ್ದರು ಎಂದಾಗುತ್ತದೆ.

ಅಂದಿನಿಂದ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಇಂಗ್ಲಿಷಿನಲ್ಲಿ ಪದದ ಜಾಗ ಬದಲಾಗಿ ಅರ್ಥ ಬದಲಾದ ಕಡೆಯಲ್ಲೆಲ್ಲ, ಕನ್ನಡದಲ್ಲಿ ಆ ಕೆಲಸವನ್ನು ಯಾವ ಬಾಲ ಮಾಡುತ್ತಿದೆ ಎಂದು ಹುಡುಕುವುದು. ಹೆಚ್ಚು ಸಲ ಸಿಗುತ್ತದೆ. ಸಿಕ್ಕಿದ ಮೇಲೆ ಇಂಗ್ಲಿಷಿನ ಆ ಕುರ್ಚಿ ಮತ್ತೆ ಮರೆತುಹೋಗುವುದಿಲ್ಲ.

ಬುಡದಿಂದ ಶುರುಮಾಡೋಣ. ‘ಅತ್ತೆ ಸೊಸೆಗೆ ಬೈದರು.’ ಈ ಮೂರು ಪದಗಳನ್ನು ಆರು ರೀತಿಯಲ್ಲಿ ಜೋಡಿಸಬಹುದು. ‘ಸೊಸೆಗೆ ಅತ್ತೆ ಬೈದರು’, ‘ಬೈದರು ಅತ್ತೆ ಸೊಸೆಗೆ’, ‘ಸೊಸೆಗೆ ಬೈದರು ಅತ್ತೆ’, ಹೇಗೆ ತಿರುಗಿಸಿದರೂ ಬೈಸಿಕೊಂಡವಳು ಸೊಸೆಯೇ. ಒತ್ತು ಆಚೀಚೆ ಆಗಬಹುದು, ಕತೆ ಬದಲಾಗುವುದಿಲ್ಲ. ಯಾಕೆಂದರೆ ‘ಸೊಸೆಗೆ’ಯ ‘ಗೆ’ ಅವಳ ಜೊತೆಗೇ ಓಡಾಡುತ್ತದೆ. ಅವಳು ಮನೆಯ ಯಾವ ಮೂಲೆಗೆ ಹೋದರೂ ಗುರುತಿನ ಚೀಟಿ ಕತ್ತಿನಲ್ಲೇ ಇರುತ್ತದೆ. ಇಂಗ್ಲಿಷಿನಲ್ಲಿ ‘ದ ಮದರ್-ಇನ್-ಲಾ ಸ್ಕೋಲ್ಡೆಡ್ ದ ಡಾಟರ್-ಇನ್-ಲಾ’ ಎಂಬುದರ ಎರಡು ತುದಿಗಳನ್ನು ಅದಲು ಬದಲು ಮಾಡಿ ನೋಡಿ, ಮನೆಯ ಚರಿತ್ರೆಯೇ ಬೇರೆ. ಅಲ್ಲಿ ಯಾರ ಕತ್ತಿನಲ್ಲೂ ಚೀಟಿಯಿಲ್ಲ. ಕ್ರಿಯಾಪದದ ಮುಂಚೆ ಕೂತವರು ಬೈದವರು, ಆಮೇಲೆ ಕೂತವರು ಬೈಸಿಕೊಂಡವರು.

ಕನ್ನಡ ಈ ವಿಷಯದಲ್ಲಿ ಪೂರಾ ಸ್ವತಂತ್ರ ಎಂದು ಬೀಗುವ ಹಾಗೂ ಇಲ್ಲ. ಮಾತಾಡುವಾಗ ನಾವು ‘ಅನ್ನು’ವನ್ನು ಧಾರಾಳವಾಗಿ ನುಂಗುತ್ತೇವೆ. ‘ಹಾವು ಕಪ್ಪೆ ನುಂಗ್ತು’ ಅಂದರೆ ಯಾರಿಗೂ ಗೊಂದಲವಿಲ್ಲ. ‘ಕಪ್ಪೆ ಹಾವು ನುಂಗ್ತು’ ಅಂದರೆ ಕೇಳಿದವರು ‘ಏನು?’ ಅಂತ ಒಂದು ಕ್ಷಣ ನಿಲ್ಲುತ್ತಾರೆ. ಬಾಲ ಬಿದ್ದುಹೋದ ತಕ್ಷಣ ಕನ್ನಡವೂ ಜಾಗದ ಕೈ ಹಿಡಿಯುತ್ತದೆ. ನಾವು ಸೋಮಾರಿತನಕ್ಕೆ ಒಂದು ವಾಕ್ಯದಲ್ಲಿ ಮಾಡುವುದನ್ನು ಇಂಗ್ಲಿಷ್ ಇಡೀ ಭಾಷೆಯಾಗಿ, ಕೆಲವು ಶತಮಾನಗಳಲ್ಲಿ ಮಾಡಿತು.

ಇಂಗ್ಲಿಷಿಗೂ ಒಂದು ಕಾಲದಲ್ಲಿ ಗುರುತಿನ ಚೀಟಿಗಳಿದ್ದವು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇವತ್ತಿನ ‘ದ’ ಎಂಬುದಕ್ಕೆ ಹತ್ತಾರು ರೂಪ. ಪುಲ್ಲಿಂಗದ ಪದ ಕರ್ತೃವಾಗಿದ್ದರೆ ಅದರ ಮುಂದೆ ‘ಸೆ’, ಅದೇ ಪದ ಕರ್ಮವಾದರೆ ‘ಥೊನೆ’. ‘ಸೆ ಹುಂಡ್ ಬಾಟ್ ಥೊನೆ ಮನ್’ ಅಂದರೆ ನಾಯಿ ಮನುಷ್ಯನನ್ನು ಕಚ್ಚಿತು. ‘ಥೊನೆ ಮನ್ ಬಾಟ್ ಸೆ ಹುಂಡ್’ ಅಂದರೂ ಕಚ್ಚಿದ್ದು ನಾಯಿಯೇ. ಥೇಟ್ ನಮ್ಮ ‘ಮನುಷ್ಯನನ್ನು ಕಚ್ಚಿತು ನಾಯಿ’ ಇದ್ದಂತೆ. ಷಷ್ಠಿ, ಚತುರ್ಥಿ ಎಂದು ನಾವು ಸ್ಕೂಲಿನಲ್ಲಿ ಉರುಹೊಡೆದ ಹಾಗೆಯೇ ಅವರ ನಾಮಪದಗಳಿಗೂ ವಿಭಕ್ತಿಗಳಿದ್ದವು.

ಅವು ಉದುರಿದ್ದಕ್ಕೆ ಒಂದೇ ಕಾರಣ ಹೇಳಲಾಗುವುದಿಲ್ಲ. ಇಂಗ್ಲಿಷಿನ ಪದಗಳಲ್ಲಿ ಒತ್ತು ಸಾಮಾನ್ಯವಾಗಿ ಮೊದಲಿಗೇ ಬೀಳುತ್ತಿತ್ತು, ಹೀಗಾಗಿ ಕೊನೆಯ ಸ್ವರಗಳು ಬಾಯೊಳಗೇ ಸವೆದು ಒಂದರಂತೆ ಒಂದು ಕೇಳಿಸತೊಡಗಿದವು. ಇದರ ಮೇಲೆ 8ನೇ ಶತಮಾನದ ಕೊನೆಯಿಂದ ಸ್ಕ್ಯಾಂಡಿನೇವಿಯಾದ ವೈಕಿಂಗರು ಬಂದು, ಮೊದಲು ಲೂಟಿ ಮಾಡಿ, ಆಮೇಲೆ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆನಿಂತರು. ಅವರ ಮಾತಿಗೂ ಇಂಗ್ಲಿಷಿಗೂ ಪದಗಳ ಬುಡ ಹತ್ತಿರ ಹತ್ತಿರ, ಬಾಲ ಮಾತ್ರ ಬೇರೆ. ದನ ಕೊಳ್ಳುವಾಗ, ಸಂಬಂಧ ಬೆಳೆಸುವಾಗ ಬುಡ ಅರ್ಥವಾದರೆ ಸಾಕು, ಬಾಲ ಯಾರಿಗೆ ಬೇಕು? ಆಮೇಲೆ 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಗೆದ್ದು ಸಿಂಹಾಸನ ಹಿಡಿದರು. ಆಸ್ಥಾನದಲ್ಲಿ, ಕಾನೂನಿನಲ್ಲಿ ಇಂಗ್ಲಿಷಿಗೆ ಬೆಲೆ ಹೋಯಿತು. ಹಳೆಯ ರೂಪಗಳನ್ನು ತಿದ್ದಿ ತೀಡಿ ಕಾಪಾಡುವ ಬರವಣಿಗೆಯ ಕಾವಲು ಸಡಿಲವಾಯಿತು. 14ನೇ ಶತಮಾನ ಮುಗಿಯುವ ಹೊತ್ತಿಗೆ ವಿಭಕ್ತಿಗಳಲ್ಲಿ ಬಹುಪಾಲು ಮಾಯ. ‘ಹಿ’ ಮತ್ತು ‘ಹಿಮ್’, ‘ಹೂ’ ಮತ್ತು ‘ಹೂಮ್’ ಇಂಥ ನಾಲ್ಕಾರು ಉಳಿದವು, ಅವುಗಳಲ್ಲೂ ‘ಹೂಮ್’ ಈಗ ಮೇಷ್ಟರುಗಳ ಬಾಯಲ್ಲಿ ಮಾತ್ರ ಉಸಿರಾಡುತ್ತಿದೆ. ವಿಭಕ್ತಿಯ ಕೆಲಸವೆಲ್ಲ ಜಾಗದ ಹೆಗಲಿಗೆ ಬಿತ್ತು.

ಈಗ ಜೋಡಿಪದಗಳಿಗೆ ಬನ್ನಿ. ಇಲ್ಲಿ ಒಂದು ಸಂತೋಷದ ಸುದ್ದಿಯಿದೆ, ಕನ್ನಡದ್ದೂ ಇಂಗ್ಲಿಷಿನದ್ದೂ ಒಂದೇ ಲೆಕ್ಕ. ತತ್ಪುರುಷ ಸಮಾಸದಲ್ಲಿ ಉತ್ತರಪದವೇ ಪ್ರಧಾನ ಎಂದು ಓದಿದ್ದೇವಲ್ಲ, ಅದೇ. ‘ಮಿಲ್ಕ್ ಚಾಕೊಲೇಟ್’ ಒಂದು ಚಾಕೊಲೇಟು. ‘ಚಾಕೊಲೇಟ್ ಮಿಲ್ಕ್’ ಒಂದು ಲೋಟ ಹಾಲು. ‘ಎಣ್ಣೆ ಗಾಣ’ ಮರದ್ದೋ ಕಲ್ಲಿನದ್ದೋ ಯಂತ್ರ. ‘ಗಾಣದ ಎಣ್ಣೆ’ ಒಗ್ಗರಣೆಗೆ ಬರುತ್ತದೆ. ‘ಅಳಿಯನ ಮನೆ’ಗೆ ನಾವು ಹಬ್ಬಕ್ಕೆ ಹೋಗಿ ಬರಬಹುದು, ‘ಮನೆ ಅಳಿಯ’ ಮಾತ್ರ ಎಲ್ಲೂ ಹೋಗದೆ ನಮ್ಮ ಮನೆಯಲ್ಲೇ ಇರುತ್ತಾನೆ. ಕೊನೆಯ ಪದ ಯಜಮಾನ, ಮುಂಚಿನದು ಅವನ ಬಗೆ ಹೇಳುವ ವಿಶೇಷಣ.

ನಮ್ಮ ಕಡೆಯವರು ಮಾಡುವ ಮಾಮೂಲಿ ಎಡವಟ್ಟೆಂದರೆ ‘ಬೋಟ್ ಹೌಸ್’ ಮತ್ತು ‘ಹೌಸ್ ಬೋಟ್’. ಊಟಿಯ ಕೆರೆಯ ದಡದಲ್ಲಿರುವುದು ಬೋಟ್ ಹೌಸ್, ದೋಣಿಗಳನ್ನು ಇಟ್ಟುಕೊಂಡಿರುವ ಜಾಗ. ಟಿಕೆಟ್ ತಗೊಂಡು, ಪೆಡಲ್ ತುಳಿದು, ಅರ್ಧ ಗಂಟೆಯಲ್ಲಿ ದಡಕ್ಕೆ ಬಂದು ಮೆಕ್ಕೆಜೋಳ ತಿನ್ನಬೇಕು. ಹೌಸ್ ಬೋಟ್ ಬೇಕಾದರೆ ಕೇರಳದ ಆಲಪ್ಪುಳಕ್ಕೋ ಶ್ರೀನಗರದ ದಾಲ್ ಸರೋವರಕ್ಕೋ ಹೋಗಬೇಕು, ಅದು ಮಲಗುವ ಕೋಣೆ ಇರುವ ದೋಣಿ. ‘ಊಟಿಯಲ್ಲಿ ಹೌಸ್ ಬೋಟ್‌ಗೆ ಹೋಗಿದ್ವಿ’ ಅನ್ನುವವರನ್ನು ನಾನು ತಿದ್ದುವುದಿಲ್ಲ, ಒಂದು ರಾತ್ರಿಗೆ ಎಷ್ಟಾಯಿತು ಅಂತ ಮಾತ್ರ ಕೇಳುತ್ತೇನೆ.

ಇದಕ್ಕಿಂತ ಹತ್ತಿರದ ಉದಾಹರಣೆ ನಿಮ್ಮ ಜೀನ್ಸಿನಲ್ಲೇ ಇದೆ. ಬಲಗಡೆ ದೊಡ್ಡ ಜೇಬಿನೊಳಗೆ ಇನ್ನೊಂದು ಪುಟ್ಟ ಜೇಬು ಇರುತ್ತದಲ್ಲ, ಎರಡು ಬೆರಳು ಮಾತ್ರ ತೂರುವಂಥದ್ದು, ನಾವು ಬಸ್ಸಿನ ಚಿಲ್ಲರೆ ಹಾಕಿ ಮರೆತುಬಿಡುವಂಥದ್ದು, ಅದರ ಹೆಸರು ‘ವಾಚ್ ಪಾಕೆಟ್’. ಗಡಿಯಾರ ಇನ್ನೂ ಮಣಿಕಟ್ಟಿಗೆ ಏರದೆ ಸರಪಳಿಯಲ್ಲಿ ತೂಗಾಡುತ್ತಿದ್ದ ಕಾಲದ್ದು. 1873ರಲ್ಲಿ ಲೆವಿ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್ ಅಮೆರಿಕದಲ್ಲಿ ರಿವೆಟ್ ಹೊಡೆದ ಪ್ಯಾಂಟಿಗೆ ಪೇಟೆಂಟ್ ಪಡೆದ ದಿನಗಳಿಂದಲೂ ಆ ಜೇಬು ಅಲ್ಲೇ ಇದೆ. ಅದರೊಳಗೆ ಇಡುತ್ತಿದ್ದದ್ದು ‘ಪಾಕೆಟ್ ವಾಚ್’. ವಾಚ್ ಪಾಕೆಟ್ಟಿನಲ್ಲಿ ಪಾಕೆಟ್ ವಾಚ್. ಜೇಬು ಯಾವುದು, ಗಡಿಯಾರ ಯಾವುದು ಎಂಬುದಕ್ಕೆ ಜಾಗದ ಹೊರತು ಇನ್ನಾವ ಗುರುತೂ ಇಲ್ಲ.

ಉದ್ದುದ್ದದ ಇಂಗ್ಲಿಷ್ ಹೆಸರು ಎದುರಾದಾಗ ಹಿಂದಿನಿಂದ ಓದಿದರೆ ಬಿಡಿಸಿಕೊಳ್ಳುತ್ತದೆ. ಬೆಂಗಳೂರು ಮೆಟ್ರೋ ರೈಲ್ ಕಾರ್ಪೊರೇಷನ್: ಏನದು? ಒಂದು ನಿಗಮ. ಯಾವುದರ ನಿಗಮ? ರೈಲಿನದು. ಎಂಥ ರೈಲು? ಮೆಟ್ರೋ. ಎಲ್ಲಿಯದು? ಬೆಂಗಳೂರಿನದು.

ಈ ನಿಯಮವನ್ನು ಮುರಿಯುವ ಒಂದು ಗುಂಪು ಕೋರ್ಟಿನ ಆವರಣದಲ್ಲಿ ವಾಸವಾಗಿದೆ. ಕಚೇರಿಗಳ ಎದುರು ಟೈಪಿಂಗ್ ಮೇಜಿನ ಪಕ್ಕ ತೂಗುಬಿಟ್ಟ ‘ನೋಟರಿ ಪಬ್ಲಿಕ್’ ಬೋರ್ಡು ನೋಡಿರುತ್ತೀರಿ. ಅವರು ನೋಟರಿಯೇ ಹೊರತು ಪಬ್ಲಿಕ್ ಅಲ್ಲ. ಯಜಮಾನ ಇಲ್ಲಿ ಮೊದಲೇ ಕೂತಿದ್ದಾನೆ. ಅಟಾರ್ನಿ ಜನರಲ್, ಸಾಲಿಸಿಟರ್ ಜನರಲ್, ನಮ್ಮ ರಾಜ್ಯದ ಅಡ್ವೊಕೇಟ್ ಜನರಲ್, ಇವರಾರೂ ಸೇನೆಯ ಜನರಲ್‌ಗಳಲ್ಲ. ಫ್ರೆಂಚಿನಲ್ಲಿ ವಿಶೇಷಣ ಬಹುಮಟ್ಟಿಗೆ ನಾಮಪದದ ಹಿಂದೆ ನಿಲ್ಲುತ್ತದೆ, 1066ರ ನಂತರ ಇಂಗ್ಲೆಂಡಿನ ಕೋರ್ಟುಗಳಲ್ಲಿ ನಡೆದದ್ದು ಫ್ರೆಂಚ್. ವಾದವನ್ನು ಇಂಗ್ಲಿಷಿನಲ್ಲಿ ಮಾಡಿ ಎಂದು ಕಾಯ್ದೆ ಬಂದದ್ದು 1362ರಲ್ಲಿ. ಅಷ್ಟರಲ್ಲಿ ಪದವಿಗಳಿಗೆ ಫ್ರೆಂಚ್ ಸಾಲಿನಲ್ಲಿ ಹೆಸರಿಡುವ ರೂಢಿ ಗಟ್ಟಿಯಾಗಿತ್ತು. ಬಹುವಚನದ ‘ಸ್’ ಹಚ್ಚುವಾಗ ಇದು ಇವತ್ತಿಗೂ ಬಯಲಾಗುತ್ತದೆ: ‘ಅಟಾರ್ನೀಸ್ ಜನರಲ್’, ‘ನೋಟರೀಸ್ ಪಬ್ಲಿಕ್’.

ಸಾಮಾನ್ಯ ವಿಶೇಷಣಗಳಲ್ಲೂ ಕೆಲವು ಎರಡೂ ಕಡೆ ಕೂರುತ್ತವೆ, ಕೂತ ಕಡೆಗೊಂದು ಅರ್ಥ. ‘ದ ರೆಸ್ಪಾನ್ಸಿಬಲ್ ಪರ್ಸನ್’ ಅಂದರೆ ಜವಾಬ್ದಾರಿಯುಳ್ಳ ಮನುಷ್ಯ, ಮಗಳನ್ನು ಕೊಡಬಹುದು. ‘ದ ಪರ್ಸನ್ ರೆಸ್ಪಾನ್ಸಿಬಲ್’ ಅಂದರೆ ಆದ ಅನಾಹುತಕ್ಕೆ ಹೊಣೆಯಾದವನು, ನೋಟಿಸ್ ಕೊಡಬೇಕು. ‘ದ ಪ್ರೆಸೆಂಟ್ ಮೆಂಬರ್ಸ್’ ಈಗಿನ ಸದಸ್ಯರು. ‘ದ ಮೆಂಬರ್ಸ್ ಪ್ರೆಸೆಂಟ್’ ಸಭೆಗೆ ಬಂದು ಕೂತ ಸದಸ್ಯರು. ಅಪಾರ್ಟ್‌ಮೆಂಟ್ ಸಂಘದ ನಡಾವಳಿ ಬರೆಯುವವರು ಇವೆರಡನ್ನು ಕಲಸಿದರೆ ಕೋರಂ ಇತ್ತೋ ಇಲ್ಲವೋ ಎಂದು ಮುಂದಿನ ಸಭೆಯೆಲ್ಲ ಅದಕ್ಕೇ ಹೋಗುತ್ತದೆ.

ನಮ್ಮ ಸರ್ಕಾರಿ ಪತ್ರಗಳ ಪ್ರೀತಿಯ ‘ಕನ್ಸರ್ನ್ಡ್ ಆಫೀಸರ್’ ಕೂಡ ಇದೇ ಜಾತಿಯದು. ಕನ್ನಡದಲ್ಲಿ ‘ಸಂಬಂಧಪಟ್ಟ ಅಧಿಕಾರಿ’ ಎಂದು ವಿಶೇಷಣ ಮುಂದೆಯೇ ಬರುವುದರಿಂದ ನಮಗೆ ಅದು ಸಹಜ. ಭಾರತದೊಳಗೆ ಎಲ್ಲರಿಗೂ ಅರ್ಥವಾಗುತ್ತದೆ, ಹಾಗಾಗಿ ತಪ್ಪು ಎಂದು ನಾನು ಕೆಂಪು ಪೆನ್ನು ಎತ್ತುವುದಿಲ್ಲ. ಆದರೆ ಹೊರದೇಶದವರು ಓದಿದರೆ ‘ಚಿಂತೆಗೀಡಾದ ಅಧಿಕಾರಿ’ ಎಂದು ತಿಳಿಯುವ ಸಂಭವವಿದೆ. ಸಂಬಂಧಪಟ್ಟವರು ಬೇಕಾದರೆ ಅವರಿಗೆ ‘ದ ಆಫೀಸರ್ ಕನ್ಸರ್ನ್ಡ್’. ನಾನು ಅಲೆದ ಕಚೇರಿಗಳ ಅನುಭವದಲ್ಲಿ ಹೇಳುವುದಾದರೆ, ಎರಡನೆಯವರು ಸಿಗುವುದು ಕಷ್ಟ, ಮೊದಲನೆಯವರು ಇಲ್ಲವೇ ಇಲ್ಲ.

ನನ್ನ ಪ್ರೊಜೆಕ್ಟರಿನ ಕತೆಯೂ ಈ ಮನೆತನಕ್ಕೇ ಸೇರಿದ್ದು. ಕರ್ಮಪದದ ಹಿಂದೆ ಕೂತ ಪದ ಇಂಗ್ಲಿಷಿನಲ್ಲಿ ಅದರ ಸ್ಥಿತಿಯನ್ನೋ, ಕೆಲಸದಿಂದ ಅದಕ್ಕೆ ಆದ ಗತಿಯನ್ನೋ ಹೇಳುತ್ತದೆ. ‘ಹಿ ಪುಷ್ಡ್ ದ ಓಪನ್ ಡೋರ್’: ತೆರೆದೇ ಇದ್ದ ಬಾಗಿಲನ್ನು ತಳ್ಳಿದ. ‘ಹಿ ಪುಷ್ಡ್ ದ ಡೋರ್ ಓಪನ್’: ಬಾಗಿಲನ್ನು ತಳ್ಳಿ ತೆರೆದ. ‘ಐ ಫೌಂಡ್ ದ ಈಸಿ ಬುಕ್’ ಅಂದರೆ ಕಳೆದುಹೋಗಿದ್ದ ಸುಲಭದ ಪುಸ್ತಕ ಸಿಕ್ಕಿತು. ‘ಐ ಫೌಂಡ್ ದ ಬುಕ್ ಈಸಿ’ ಅಂದರೆ ಪುಸ್ತಕ ಸುಲಭ ಅನ್ನಿಸಿತು. ಕನ್ನಡ ಇದಕ್ಕೆ ‘ತೆರೆದ’ ಎಂಬುದನ್ನು ಬಾಗಿಲಿನ ಮುಂದಿಡಬೇಕೋ ವಾಕ್ಯದ ಕೊನೆಗೆ ಕ್ರಿಯಾಪದ ಮಾಡಬೇಕೋ ಎಂದು ನೋಡಿಕೊಳ್ಳುತ್ತದೆ, ಜೊತೆಗೆ ‘ತಳ್ಳಿ’ಯ ‘ಇ’ ನೆರವಿಗೆ ಬರುತ್ತದೆ.

ಇಂಗ್ಲಿಷ್ ಕಲಿಯುವವರಿಗೆ ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ಓವರ್, ಅಪ್, ಔಟ್, ಅಂಡರ್ ಎಂಬ ಚಿಲ್ಲರೆ ಪದಗಳು. ಕ್ರಿಯಾಪದದ ಹಿಂದೆ ಬಂದರೆ ಒಂದು, ಮುಂದೆ ಅಂಟಿದರೆ ಇನ್ನೊಂದು. ಬಾಸ್‌ಗೆ ವರದಿ ಕಳಿಸಿ ‘ಪ್ಲೀಸ್ ಲುಕ್ ಓವರ್ ದ ರಿಪೋರ್ಟ್’ ಅಂದರೆ ‘ಒಮ್ಮೆ ಕಣ್ಣಾಡಿಸಿ’. ‘ಪ್ಲೀಸ್ ಓವರ್‌ಲುಕ್ ದ ರಿಪೋರ್ಟ್’ ಅಂದರೆ ‘ಕಂಡೂ ಕಾಣದಂತೆ ಬಿಟ್ಟುಬಿಡಿ’. ಲಾರಿಯನ್ನು ‘ಓವರ್‌ಟೇಕ್’ ಮಾಡಬಹುದು, ಕಂಪನಿಯನ್ನು ‘ಟೇಕ್ ಓವರ್’ ಮಾಡಬಹುದು. ಲಾರಿಯನ್ನು ಟೇಕ್ ಓವರ್ ಮಾಡಿದರೆ ಡ್ರೈವರ್ ಪೊಲೀಸರನ್ನು ಕರೆಯುತ್ತಾನೆ. ಮೇಲಿನ ಕೋರ್ಟು ಕೆಳಗಿನ ಕೋರ್ಟಿನ ತೀರ್ಪನ್ನು ‘ಅಪ್‌ಹೋಲ್ಡ್’ ಮಾಡಿದರೆ ನಮ್ಮ ಪತ್ರಿಕೆಗಳು ‘ಎತ್ತಿಹಿಡಿಯಿತು’ ಎಂದು ಬರೆಯುತ್ತವೆ. ಬಿಲ್ಲನ್ನು ‘ಹೋಲ್ಡ್ ಅಪ್’ ಮಾಡಿದರೆ ಅದು ‘ತಡೆಹಿಡಿದದ್ದು’. ‘ಹಿಡಿ’ ಎರಡು ಕಡೆಯೂ ಇದೆ, ಮುಂದಿನ ‘ಎತ್ತಿ’, ‘ತಡೆ’ಗಳೇ ಅರ್ಥದ ಚುಕ್ಕಾಣಿ. ದಿನಪತ್ರಿಕೆಯ ಅನುವಾದಕರು ಇಂಥ ಕಡೆ ಎಷ್ಟು ಚೊಕ್ಕವಾಗಿ ಕೆಲಸ ಮಾಡಿದ್ದಾರೆ ಎಂದು ನಾವು ಗಮನಿಸುವುದೇ ಇಲ್ಲ.

ವಿದೇಶಕ್ಕೆ ಓಡಿಹೋಗಬಹುದಾದ ಆರೋಪಿಗೆ ‘ಲುಕ್‌ಔಟ್ ನೋಟಿಸ್’. ನಾವು ಮೇಲ್ ತೆರೆಯುವುದು ‘ಔಟ್‌ಲುಕ್’. ಹಾಸ್ಟೆಲಿನಲ್ಲಿದ್ದವರಿಗೆ ಇನ್ನೊಂದು ಜೋಡಿ ಗೊತ್ತು. ವಾರ್ಡನ್ ಸಹಿ ಹಾಕಿದ ‘ಔಟ್ ಪಾಸ್’ ಇದ್ದರೆ ಶನಿವಾರ ಸಂಜೆ ಹೊರಗೆ ಹೋಗಿ ಭಾನುವಾರ ರಾತ್ರಿ ಒಳಗೆ ಬರಬೇಕು. ‘ಪಾಸ್ ಔಟ್’ ಆದವರು ಹೊರಗೆ ಹೋದರೆ ಮತ್ತೆ ಒಳಗಿಲ್ಲ. ಈ ‘ಪಾಸ್ ಔಟ್’ ಅನ್ನು ಅಮೆರಿಕದಲ್ಲಿ ‘ನಾನು 2015ರಲ್ಲಿ ಪಾಸ್ ಔಟ್ ಆದೆ’ ಎಂಬರ್ಥದಲ್ಲಿ ಬಳಸಿದರೆ ಎಚ್ಚರ ತಪ್ಪಿ ಬಿದ್ದಿರಿ ಎಂದುಕೊಳ್ಳುತ್ತಾರೆ, ಆದರೆ ಅದು ಜಾಗದ ತಕರಾರಲ್ಲ, ಊರಿನದು.

ಒಂದೇ ಪದ ಮುಂದೆ ಕೂತಾಗ ಯಾಕೆ ಅಷ್ಟೊಂದು ಬೇರೆಯಾಗುತ್ತದೆ? ಸಂಸ್ಕೃತದ ಉಪಸರ್ಗಗಳನ್ನು ನೆನೆಸಿಕೊಂಡರೆ ಸುಲಭ. ಹಾರಕ್ಕೆ ‘ಆ’ ಸೇರಿದರೆ ಊಟ, ‘ಪ್ರ’ ಸೇರಿದರೆ ಏಟು, ‘ವಿ’ ಸೇರಿದರೆ ತಿರುಗಾಟ, ‘ಸಂ’ ಸೇರಿದರೆ ಕೊಲೆ, ‘ಪರಿ’ ಸೇರಿದರೆ ಸರ್ಕಾರದಿಂದ ಚೆಕ್ಕು. ಹಳೆಯ ಇಂಗ್ಲಿಷಿನಲ್ಲೂ ಹೀಗೆ ಕ್ರಿಯಾಪದದ ಮುಂದೆ ಅಂಟುವ ಪುಟ್ಟ ಪದಗಳಿದ್ದವು. ‘ಅಂಡರ್‌ಸ್ಟ್ಯಾಂಡ್’, ‘ಓವರ್‌ಕಮ್’ ಅಂಥವು ಆ ಕಾಲದ್ದೇ. ಅಂಟಿ ಅಂಟಿ ಅವು ಕರಗಿಹೋಗಿವೆ. ಅರ್ಥ ಮಾಡಿಕೊಳ್ಳುವುದಕ್ಕೂ ಯಾವುದರದೋ ಕೆಳಗೆ ನಿಲ್ಲುವುದಕ್ಕೂ ಈಗ ಸಂಬಂಧವೇ ಕಾಣದು. ಆಮೇಲಾಮೇಲೆ ಭಾಷೆಯ ಸಾಲು ಬದಲಾಗಿ ಆ ಪುಟ್ಟ ಪದಗಳು ಕ್ರಿಯಾಪದದ ಹಿಂದಕ್ಕೆ ಬಂದು ನಿಂತವು, ಅಲ್ಲಿ ಹೊಸ ಸಂಸಾರ ಹೂಡಿದವು. ಹೀಗಾಗಿ ಮುಂದೆ ಅಂಟಿದ್ದು ಸಾಮಾನ್ಯವಾಗಿ ಗಂಭೀರ, ಹಿಂದೆ ನಿಂತದ್ದು ಆಡುಮಾತು. ‘ಅಂಡರ್‌ಗೋ’ ಎಂದರೆ ಆಪರೇಷನ್ನಿಗೋ ಬದಲಾವಣೆಗೋ ಒಳಗಾಗುವುದು. ‘ಗೋ ಅಂಡರ್’ ಎಂದರೆ ಅಂಗಡಿ ಮುಳುಗುವುದು.

‘ಓನ್ಲಿ’ ಬಗ್ಗೆ ಹೇಳದೆ ಈ ವಿಷಯ ಮುಗಿಯದು. ‘ಓನ್ಲಿ ಐ ಲೆಂಟ್ ಹಿಮ್ ಫೈವ್ ಹಂಡ್ರೆಡ್’: ಅವನಿಗೆ ಐನೂರು ಸಾಲ ಕೊಟ್ಟವನು ನಾನೊಬ್ಬನೇ. ‘ಐ ಓನ್ಲಿ ಲೆಂಟ್ ಹಿಮ್ ಫೈವ್ ಹಂಡ್ರೆಡ್’: ಸಾಲ ಕೊಟ್ಟೆ ಅಷ್ಟೇ, ದಾನ ಅಲ್ಲ. ‘ಐ ಲೆಂಟ್ ಓನ್ಲಿ ಹಿಮ್ ಫೈವ್ ಹಂಡ್ರೆಡ್’: ಅವನಿಗೆ ಮಾತ್ರ. ‘ಐ ಲೆಂಟ್ ಹಿಮ್ ಓನ್ಲಿ ಫೈವ್ ಹಂಡ್ರೆಡ್’: ಬರೀ ಐನೂರು. ಮಾತಾಡುವಾಗ ಇಂಗ್ಲಿಷರು ಇಷ್ಟು ಕಟ್ಟುನಿಟ್ಟಾಗಿಲ್ಲ. ಎರಡನೇ ಜಾಗದಲ್ಲೇ ‘ಓನ್ಲಿ’ ಇಟ್ಟು, ಬೇಕಾದ ಪದದ ಮೇಲೆ ದನಿ ಏರಿಸುತ್ತಾರೆ. ಬರವಣಿಗೆಗೆ ದನಿಯಿಲ್ಲ, ಹಾಗಾಗಿ ಅಗ್ರಿಮೆಂಟು ಬರೆಯುವವರು ಎಚ್ಚರವಾಗಿರಬೇಕು.

ಕನ್ನಡದಲ್ಲಿ ಈ ಕೆಲಸ ‘ಮಾತ್ರ’ ಮತ್ತು ‘ಏ’ಯದು. ಅವೂ ಜಾಗ ನೋಡುತ್ತವೆ, ಆದರೆ ಪದದ ಹಿಂದೆ ಬಂದು ಅಂಟುತ್ತವೆ: ನಾನೇ, ಅವನಿಗೇ, ಐನೂರು ಮಾತ್ರ. ಇಂಗ್ಲಿಷಿನ ‘ಓನ್ಲಿ’ ಸಾಮಾನ್ಯವಾಗಿ ಮುಂಚೆ ನಿಂತು ತನ್ನ ಆಮೇಲೆ ಬರುವ ಪದವನ್ನು ಹಿಡಿಯುತ್ತದೆ. ಬೆಂಗಳೂರಿನ ‘ಹಿ ಈಸ್ ಲೈಕ್ ದಟ್ ಓನ್ಲಿ’ ಹುಟ್ಟಿದ್ದು ಈ ಎರಡು ಅಭ್ಯಾಸಗಳ ಸಂಧಿಯಲ್ಲಿ. ‘ಅವನು ಹಾಗೇನೇ’ ಎಂಬುದರ ಕೊನೆಯ ‘ಏ’ಗೆ ಇಂಗ್ಲಿಷಿನಲ್ಲಿ ಮನೆ ಬೇಕಿತ್ತು, ‘ಓನ್ಲಿ’ ಬಾಡಿಗೆಗೆ ಸಿಕ್ಕಿತು. ಅದನ್ನು ನೋಡಿ ನಗುವವರಿದ್ದಾರೆ. ನನಗಂತೂ ಅದು ನಮ್ಮ ವ್ಯಾಕರಣದ ಹೆಬ್ಬೆಟ್ಟಿನ ಗುರುತಿನಂತೆ ಕಾಣುತ್ತದೆ.

‘ನಾಟ್’ ಇನ್ನೂ ಅಪಾಯದ್ದು, ಯಾಕೆಂದರೆ ಇಲ್ಲಿ ಸ್ನೇಹ ಕೆಡುತ್ತದೆ. ‘ನಾಟ್’ ಒಂದು ಕೊಡೆ ಇದ್ದ ಹಾಗೆ, ಸಾಮಾನ್ಯವಾಗಿ ತನ್ನ ಬಲಗಡೆ ನಿಂತವರನ್ನು ನೆನೆಸದೆ ಒಳಗೆ ತೆಗೆದುಕೊಳ್ಳುತ್ತದೆ. ಗೆಳೆಯನ ಹೆಂಡತಿ ಮಾಡಿದ ಪಾಯಸಕ್ಕೆ ‘ಐ ಡೋಂಟ್ ರಿಯಲಿ ಲೈಕ್ ಸ್ವೀಟ್ಸ್’ ಅಂದರೆ ‘ಸಿಹಿ ಅಷ್ಟೇನೂ ಸೇರಲ್ಲ’ ಎಂಬ ಮೆದು ಮಾತು, ‘ರಿಯಲಿ’ ಕೊಡೆಯೊಳಗಿದೆ. ‘ಐ ರಿಯಲಿ ಡೋಂಟ್ ಲೈಕ್ ಸ್ವೀಟ್ಸ್’ ಅಂದರೆ ‘ಒಂಚೂರೂ ಆಗಲ್ಲ’. ‘ರಿಯಲಿ’ ಹೊರಗೆ ನಿಂತು ಇಡೀ ನಿರಾಕರಣೆಯನ್ನೇ ಗಟ್ಟಿ ಮಾಡುತ್ತಿದೆ. ‘ಹಿ ಈಸ್ ನಾಟ್ ಜಸ್ಟ್ ಎ ಸಿಂಗರ್’ ಎಂದು ಸನ್ಮಾನ ಪತ್ರದಲ್ಲಿ ಬರೆಯಬಹುದು: ಬರೀ ಗಾಯಕರಲ್ಲ, ಇನ್ನೂ ಏನೇನೋ. ‘ಹಿ ಈಸ್ ಜಸ್ಟ್ ನಾಟ್ ಎ ಸಿಂಗರ್’ ಎಂದು ಬರೆದರೆ ಶಾಲು ವಾಪಸ್ ಬರುತ್ತದೆ: ಗಾಯಕನೇ ಅಲ್ಲ. ಕನ್ನಡದಲ್ಲಿ ‘ಇಲ್ಲ’, ‘ಅಲ್ಲ’ ವಾಕ್ಯದ ಬಾಗಿಲಲ್ಲಿ, ಕೊನೆಗೆ ನಿಲ್ಲುತ್ತವೆ. ಅವನ್ನು ಎತ್ತಿ ಆಚೀಚೆ ಇಡಲಾಗದು, ಆದ್ದರಿಂದ ‘ಬರೀ’, ‘ಏ’, ‘ಊ’, ‘ಅಷ್ಟೇನೂ’ಗಳನ್ನು ಕರೆಯುತ್ತೇವೆ.

ಇದರಿಂದಲೇ ನಮ್ಮ ಇಂಗ್ಲಿಷಿನಲ್ಲಿ ಒಂದು ವಿಶೇಷ ತೊಡಕು. ‘ಬೆಳ್ಳಗಿರೋದೆಲ್ಲ ಹಾಲಲ್ಲ’ ಎಂಬ ಗಾದೆಗೆ ಬೆಳ್ಳಗಿರುವ ಯಾವುದೂ ಹಾಲಲ್ಲ ಎಂದು ಯಾವ ಕನ್ನಡಿಗನೂ ಅರ್ಥ ಮಾಡುವುದಿಲ್ಲ. ಕೆಲವು ಹಾಲು, ಕೆಲವು ಸುಣ್ಣದ ನೀರು. ‘ಎಲ್ಲರೂ ಫೀಸ್ ಕಟ್ಟಿಲ್ಲ’ ಅಂದರೆ ಕೆಲವರು ಬಾಕಿ. ಯಾರೊಬ್ಬರೂ ಕಟ್ಟದಿದ್ದರೆ ‘ಯಾರೂ ಕಟ್ಟಿಲ್ಲ’ ಎನ್ನುತ್ತೇವೆ. ಅದೇ ಸಾಲಿನಲ್ಲಿ ಸ್ಕೂಲಿನ ನೋಟಿಸ್ ಬೋರ್ಡಿಗೆ ‘ಆಲ್ ಸ್ಟೂಡೆಂಟ್ಸ್ ಹ್ಯಾವ್ ನಾಟ್ ಪೇಯ್ಡ್ ದ ಫೀಸ್’ ಎಂದು ಬರೆದರೆ ಇಂಗ್ಲಿಷಿನಲ್ಲಿ ಎರಡೂ ಅರ್ಥ ಇಣುಕುತ್ತದೆ: ಎಲ್ಲರೂ ಕಟ್ಟಿಲ್ಲವೋ, ಯಾರೂ ಕಟ್ಟಿಲ್ಲವೋ? ಕಟ್ಟಿದ ಮಗುವಿನ ಅಪ್ಪ ರಶೀದಿ ಹಿಡಿದು ಬಂದು ಜಗಳಕ್ಕೆ ನಿಂತರೆ ಅವರ ತಪ್ಪಲ್ಲ. ‘ನಾಟ್’ ಅನ್ನು ಮೊದಲ ಕುರ್ಚಿಗೆ ತಂದು ‘ನಾಟ್ ಆಲ್ ಸ್ಟೂಡೆಂಟ್ಸ್’ ಎಂದರೆ ‘ಆಲ್’ ಕೊಡೆಯೊಳಗೆ ಬರುತ್ತದೆ, ಜಗಳ ಮುಗಿಯುತ್ತದೆ.

ಕ್ರಿಯಾವಿಶೇಷಣಗಳದ್ದು ಸಣ್ಣ ಆಟ, ಒಂದೇ ಜೋಡಿ ಸಾಕು. ‘ಹಿ ಡಿಡ್ ನಾಟ್ ಡೈ ಹ್ಯಾಪಿಲಿ’: ಖುಷಿಯಾಗಿ ಸಾಯಲಿಲ್ಲ, ಅಂದರೆ ಸತ್ತಿದ್ದಾನೆ. ‘ಹ್ಯಾಪಿಲಿ, ಹಿ ಡಿಡ್ ನಾಟ್ ಡೈ’: ಪುಣ್ಯಕ್ಕೆ ಸಾಯಲಿಲ್ಲ, ಅಂದರೆ ಬದುಕಿದ್ದಾನೆ. ಕೊನೆಯಲ್ಲಿ ಕೂತರೆ ಕೆಲಸ ಹೇಗೆ ನಡೆಯಿತು ಎಂಬ ವರ್ಣನೆ. ಎಲ್ಲಕ್ಕೂ ಮೊದಲು ಕೂತರೆ ಹೇಳುವವನ ಅಭಿಪ್ರಾಯ. ಸಂತಾಪ ಸೂಚಿಸಬೇಕೋ ಹಣ್ಣು ತಗೊಂಡು ಆಸ್ಪತ್ರೆಗೆ ಹೋಗಬೇಕೋ ಎಂಬುದನ್ನು ಜಾಗವೇ ತೀರ್ಮಾನಿಸುತ್ತದೆ. ನಾವು ‘ಖುಷಿಯಾಗಿ’, ‘ಪುಣ್ಯಕ್ಕೆ’ ಎಂದು ಬೇರೆ ಬೇರೆ ಪದಗಳನ್ನೇ ಇಟ್ಟುಕೊಂಡು ಬಚಾವಾಗಿದ್ದೇವೆ.

ಹಾಗಂತ ತಪ್ಪು ಪದಕ್ಕೆ ಜೋತುಬಿದ್ದ ವಿಶೇಷಣಗಳ ಕಾಟದಿಂದ ಕನ್ನಡ ಪಾರಾಗಿಲ್ಲ. ‘ಶುದ್ಧ ಹಸುವಿನ ತುಪ್ಪ’ ಎಂಬ ಬೋರ್ಡು ಕಂಡಾಗಲೆಲ್ಲ ಆ ಹಸು ದಿನಾ ಎಷ್ಟು ಹೊತ್ತಿಗೆ ಸ್ನಾನ ಮಾಡುತ್ತದೋ ಎಂದುಕೊಳ್ಳುತ್ತೇನೆ. ನಮ್ಮಲ್ಲಿ ಎಲ್ಲ ವಿಶೇಷಣವೂ ಮುಂದೆ ಸಾಲುಗಟ್ಟುವುದರಿಂದ ಗೊಂದಲ ಮುಂದೆ. ಇಂಗ್ಲಿಷಿನಲ್ಲಿ ಉದ್ದದ ವಿವರಣೆ ಹಿಂದೆ ತಗಲಿಕೊಳ್ಳುವುದರಿಂದ ಗೊಂದಲ ಹಿಂದೆ: ‘ವಾಂಟೆಡ್ ಎ ಮೇಡ್ ಫಾರ್ ಎ ಫ್ಯಾಮಿಲಿ ವಿತ್ ಎ ಡಾಗ್ ಹೂ ಕ್ಯಾನ್ ಕುಕ್.’ ಅಡುಗೆ ಬರುವ ನಾಯಿ ಇದ್ದ ಮೇಲೆ ಆ ಮನೆಯವರಿಗೆ ಕೆಲಸದವರು ಯಾಕೆ?

ಪ್ರಶ್ನೆಯ ವಿಷಯಕ್ಕೆ ಬಂದರೆ ನಮ್ಮ ಬಾಲ ಒಂದಕ್ಷರದ್ದು. ‘ಬಂದ’ಕ್ಕೆ ‘ಆ’ ಹಚ್ಚಿ ‘ಬಂದನಾ?’ ಇಂಗ್ಲಿಷ್ ಸಹಾಯಕ ಪದವನ್ನು ಕರ್ತೃವಿನ ಮುಂದಕ್ಕೆ ಹಾರಿಸುತ್ತದೆ: ‘ಯೂ ಆರ್ ಕಮಿಂಗ್’, ‘ಆರ್ ಯೂ ಕಮಿಂಗ್?’ ಪ್ರಶ್ನೆಯನ್ನು ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಹಾಕುವಾಗ ನಾವು ಅದನ್ನು ಇದ್ದಹಾಗೇ ಎತ್ತಿಟ್ಟು ‘ಅಂತ’ ಹಚ್ಚುತ್ತೇವೆ: ‘ಅವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲ.’ ಅದೇ ರೂಢಿಯಲ್ಲಿ ಬರುವುದು ‘ಐ ಡೋಂಟ್ ನೋ ವೇರ್ ಈಸ್ ಹಿ’. ಇಂಗ್ಲಿಷಿನಲ್ಲಿ ಹೊಟ್ಟೆಯೊಳಗೆ ಹೋದ ಪ್ರಶ್ನೆ ಹಾರಾಟ ನಿಲ್ಲಿಸಿ ಸಾದಾ ಸಾಲಿಗೆ ಮರಳಬೇಕು: ‘ವೇರ್ ಹಿ ಈಸ್’.

ಸಹಾಯಕ ಪದದ ಅದೇ ಹಾರಿಕೆಗೆ ಇಂಗ್ಲಿಷ್ ಇನ್ನೊಂದು ಕೆಲಸವನ್ನೂ ವಹಿಸಿದೆ. ಕನ್ನಡದ ‘ರೆ’ ಮಾಡುವ ಕೆಲಸ: ಗೊತ್ತಿದ್ದಿದ್ದರೆ, ಬಂದಿದ್ದರೆ, ಕೇಳಿದ್ದರೆ. ‘ಇಫ್’ ಬಿಟ್ಟು ‘ಹ್ಯಾಡ್’ ಅನ್ನು ಮೊದಲ ಕುರ್ಚಿಗೆ ಕಳಿಸಿದರೆ ಸಾಕು, ‘ಐ ಹ್ಯಾಡ್ ನೋನ್’ ಎಂಬ ಗೊತ್ತಿದ್ದ ವಿಷಯ ‘ಹ್ಯಾಡ್ ಐ ನೋನ್’ ಎಂಬ ಪಶ್ಚಾತ್ತಾಪವಾಗುತ್ತದೆ. ಇದು ತಿಳಿದಿದ್ದರೆ ಅಂದು ಮೇಜಿನ ಹತ್ತಿರ ಬಂದು ಬಿಲ್ ಯಾತಕ್ಕೆ ಎಂದ ಮ್ಯಾನೇಜರಿಗೆ ಅವೇ ಐದು ಪದಗಳನ್ನು ಮೂರನೇ ಸಲ ಜೋಡಿಸಿ ಉತ್ತರ ಕೊಡಬಹುದಿತ್ತು: ‘ಹ್ಯಾಡ್ ಐ ರಿಪೇರ್ಡ್ ದ ಪ್ರೊಜೆಕ್ಟರ್, ದೇರ್ ವುಡ್ ಬಿ ನೋ ಬಿಲ್, ಸರ್.’